ಒರೆಯಿಲ್ಲದ ಚೂರಿ

ಬಹಳ ಹಿಂದೆ, ಮಾಂತ್ರಿಕರು ಹಾಡಹಗಲೇ ಸಂತೆಗೆ ಬಂದುಹೋಗುತ್ತಿದ್ದ ಕಾಲದಲ್ಲಿ, ಕರಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಮಾಳಿಂಗನೆಂಬ ತರುಣನಿದ್ದ. ಅವನಿಗೆ ತನ್ನವಳೆಂದು ಇದ್ದವಳು ಅಕ್ಕ ಸಿರಿಯವ್ವ ಒಬ್ಬಳೇ. ಇದ್ದ ಚಟವೂ ಒಂದೇ, ಚೂರಿ ಕೂಡಿಡುವುದು. ಜಿಂಕೆಕೊಂಬಿನ ಹಿಡಿಯದು, ಮೂರು ಅಲಗಿನ ಮಡಚುವ ಚಾಕು, ಗೇಣುದ್ದದ ಬಾಕು, ಎಲ್ಲವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ. ದಿನವೂ ಎಣ್ಣೆ ಸವರಿ ಒರೆಸುತ್ತಿದ್ದನೇ ಹೊರತು ಒಂದು ಬದನೆಕಾಯಿಯನ್ನೂ ಹೆಚ್ಚಿದವನಲ್ಲ. ಅಕ್ಕ ಬೈಯುತ್ತಿದ್ದಳು. ಬೈದು ಮುಗಿಸಿ ಒಂದು ಮಾತು ಹೇಳುತ್ತಿದ್ದಳು: ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ತೆಗೆದುಕೊಂಡವರ ಸಂಬಂಧ ಕಡಿದುಹೋಗುತ್ತದೆ, ನೆಲದ ಮೇಲಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬೇಕು.

ಒಂದು ಮಧ್ಯಾಹ್ನ ಸಂತೆಯಲ್ಲಿ ನೆರಳಿಲ್ಲದ ಮನುಷ್ಯನೊಬ್ಬ ಚೂರಿ ಹಿಡಿದು ನಿಂತಿದ್ದ. ಅದರ ಅಲಗಿನಲ್ಲಿ ಸಂತೆಯೆಲ್ಲ ಕಾಣುತ್ತಿತ್ತು, ನೋಡಿದವನ ಮುಖ ಮಾತ್ರ ಕಾಣುತ್ತಿರಲಿಲ್ಲ. ಮಾಳಿಂಗ ಬೆಲೆ ಕೇಳಿದರೆ, ಸುಮ್ಮನೆ ತಗೋ ಎಂದ. ಒರೆ ಎಲ್ಲಿ ಎಂದರೆ, ಒರೆ ನನ್ನ ಕೋಟೆಯಲ್ಲೇ ಇರುತ್ತದೆ ಎಂದು ನಕ್ಕ. ಮಾಳಿಂಗ ಆಗಲೇ ಎಚ್ಚರವಾಗಬೇಕಿತ್ತು. ಆಸೆಗೆ ಬಿದ್ದು ಕೈ ಚಾಚಿದ. ಚೂರಿ ಕೈಗೆ ಬಂತು, ಕೊಟ್ಟವನು ಹೊಗೆಯಾಗಿ ಹೋದ. ಅವನೇ ಧೂಮಾಕ್ಷನೆಂಬ ಮಾಂತ್ರಿಕ.

ಮನೆಗೆ ಬಂದರೆ ಸಿರಿಯವ್ವ ಬಾಗಿಲಲ್ಲೇ ತಡೆದಳು.

"ಯಾರು ನೀವು? ಯಾರು ಬೇಕಾಗಿತ್ತು?"

ತಮಾಷೆ ಇರಬೇಕೆಂದು ಮಾಳಿಂಗ ನಕ್ಕ. ಅವಳು ನಗಲಿಲ್ಲ, ಸೆರಗು ಹೊದ್ದು ಪಕ್ಕಕ್ಕೆ ಸರಿದಳು. ಹುಟ್ಟಿದಂದಿನಿಂದ 'ಲೋ' ಎಂದೇ ಕರೆದವಳ ಬಾಯಲ್ಲಿ 'ನೀವು' ಕೇಳಿದಾಗ, ಸಂತೆಯಲ್ಲಿ ಚೂರಿಯನ್ನು ಕೈಯಿಂದ ಕೈಗೆ ತೆಗೆದುಕೊಂಡದ್ದು ಅವನಿಗೆ ನೆನಪಾಯಿತು. ದಾರಿಹೋಕನೆಂದು ಮರುಗಿ ಅವಳು ಜಗುಲಿಯಲ್ಲಿ ಕೂರಿಸಿದಳು, ಒಂದು ಸೌತೆಕಾಯಿ ತಂದಳು. ಹೆಚ್ಚಿಕೊಳ್ಳಲು ತನ್ನ ಪುಟ್ಟ ಮಡಚುವ ಚಾಕನ್ನು ನೆಲದ ಮೇಲಿಟ್ಟಳು. ಗುರುತಿಲ್ಲದವನ ಸಂಬಂಧವೂ ಕಡಿಯುವುದು ಅವಳಿಗೆ ಬೇಡವಾಗಿತ್ತು. ಮಸೆದು ಮಸೆದು ಅದರ ಅಲಗು ಬೇವಿನೆಲೆಯಷ್ಟು ಸವೆದಿತ್ತು. ಮಾಳಿಂಗ ಅದನ್ನು ಚೂರಿಯೆಂದು ಎಂದೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ತಿರುಗಿ ತಂದುಕೊಡುತ್ತೇನೆಂದು ಹೇಳಿ ಅದನ್ನು ಎತ್ತಿಕೊಂಡು ಅಳುತ್ತಾ ಹೊರಟ.

ಮಾಂತ್ರಿಕನ ಚೂರಿಯನ್ನು ನೆಲಕ್ಕಿಟ್ಟರೆ ಅದರ ಮೊನೆ ತಾನಾಗಿ ಬಡಗಣ ದಿಕ್ಕಿಗೆ, ತನ್ನ ಒರೆಯಿದ್ದ ಕೋಟೆಯ ಕಡೆಗೆ ತಿರುಗುತ್ತಿತ್ತು. ಅದು ತೋರಿಸಿದ ದಾರಿಯಲ್ಲೇ ನಡೆದು ಕೋಟೆ ತಲುಪಿದ. ಮೊದಲ ಬಾಗಿಲಲ್ಲಿ ಕಲ್ಲಿನ ನಾಯಿ ಕೂತಿತ್ತು.

"ಯಾರ ಕಡೆಯವನು ನೀನು?" ಎಂದು ಕೇಳಿತು.

ಸಿರಿಯವ್ವನ ತಮ್ಮ ಎನ್ನಲು ಹೋದರೆ ನಾಲಿಗೆ ಹೊರಳಲಿಲ್ಲ. ಉತ್ತರವಿಲ್ಲದವನು ಚೂರಿ ಕೊಟ್ಟು ಒಳಗೆ ಹೋಗಬೇಕು ಎಂದು ನಾಯಿ ಪಂಜ ಚಾಚಿತು. ಮಾಳಿಂಗನಿಗೆ ಈಗ ಬುದ್ಧಿ ಬಂದಿತ್ತು. ಜಿಂಕೆಕೊಂಬಿನ ಚೂರಿಯನ್ನು ನೆಲಕ್ಕಿಟ್ಟ. ಎರಡನೆಯ ಬಾಗಿಲಲ್ಲಿ ಕಬ್ಬಿಣದ ಹದ್ದು ಅದನ್ನೇ ಕೇಳಿ ಉಗುರು ಚಾಚಿತು, ಮೂರು ಅಲಗಿನ ಚಾಕನ್ನು ನೆಲಕ್ಕಿಟ್ಟ. ಮೂರನೆಯ ಬಾಗಿಲಲ್ಲಿ ಮನುಷ್ಯನ ಕಣ್ಣುಗಳಿದ್ದ ಹಸು ಅದನ್ನೇ ಮೆಲ್ಲಗೆ ಕೇಳಿ ನಾಲಿಗೆ ಚಾಚಿತು. ಸೊಂಟದಲ್ಲಿ ಉಳಿದಿದ್ದನ್ನೆಲ್ಲ ಬಿಚ್ಚಿ ನೆಲಕ್ಕಿಟ್ಟ. ಅಕ್ಕನ ಚಾಕು ಮಾತ್ರ ಮಡಿಲಲ್ಲಿತ್ತು, ಮಾಂತ್ರಿಕನದು ಕೈಯಲ್ಲಿತ್ತು.

ಒಳಗೆ ಬಿಸಿಲು ತುಂಬಿದ ದೊಡ್ಡ ಹಜಾರ. ಗೋಡೆಯ ತುಂಬ ಸಾವಿರಾರು ಖಾಲಿ ಒರೆಗಳು. ಒಂದೊಂದು ಒರೆಯೊಳಗಿಂದ ಒಂದೊಂದು ದನಿ ಯಾರನ್ನೋ ಕರೆಯುತ್ತಿತ್ತು. ಮೂಲೆಯ ಒಂದರಿಂದ ಸಿರಿಯವ್ವನ ದನಿ ಕೇಳಿಸಿತು: "ಮಾಳಿಂಗಾ, ಉಣ್ಣಕ್ಕೆ ಬಾರೋ." ಓಡಿಹೋಗಿ ಎಳೆದ. ಒರೆ ಗೋಡೆಗೆ ಬೇರು ಬಿಟ್ಟಂತೆ ಅಂಟಿಕೊಂಡಿತ್ತು.

ನಾನಿರುವ ತನಕ ಅವು ಬೀಳುವುದಿಲ್ಲ ಎಂದು ಹಿಂದಿನಿಂದ ಧೂಮಾಕ್ಷ ಹೇಳಿದ. ಕಡಿದ ಸಂಬಂಧಗಳನ್ನು ಅವನು ಹೀಗೆ ಕೂಡಿಡುತ್ತಿದ್ದ. ಕೂಡಿಡುವವನ ಸಂಕಟ ಕೂಡಿಡುವವನಿಗೇ ಗೊತ್ತು. ಮಾಳಿಂಗ ಅಕ್ಕನ ಚಾಕು ತೆಗೆದು ಮೆಲ್ಲಗೆ ಬಿಚ್ಚಿದ. ಇಪ್ಪತ್ತು ವರ್ಷ ದಿನವೂ ಒಂದೇ ಕೈಯಲ್ಲಿ ಸವೆದ ಅಲಗು, ಇಂಥದ್ದು ಇನ್ನೆಲ್ಲೂ ಸಿಗುವುದಿಲ್ಲ ಎಂದ. ಬಿಸಿಲಿಗೆ ಹಿಡಿದು ತೋರಿಸಿದ. ಮಾಂತ್ರಿಕ ಹತ್ತಿರ ಬಂದ. ಮಾಳಿಂಗ ಮಡಚಿ ಮಡಿಲಿಗೆ ಸೇರಿಸುವವನಂತೆ ಮಾಡಿದ.

"ತಾ ಇಲ್ಲಿ, ಒಂದ್ಸಲ ಹಿಡಿದು ನೋಡಿ ಕೊಡ್ತೀನಿ."

ಮಾಂತ್ರಿಕನ ಕೈ ತಾನಾಗಿ ಮುಂದೆ ಬಂತು. ಮಾಳಿಂಗ ಚಾಕನ್ನು ಅದರಲ್ಲಿಟ್ಟ.

ಧೂಮಾಕ್ಷನಿಗೆ ಲೋಕದಲ್ಲಿ ಯಾರಿದ್ದರು? ಅವನ ಸಂಬಂಧವೆಲ್ಲ ಆ ಒರೆಗಳ ಜೊತೆಗೆ, ತನ್ನ ಕೈಗಳ ಜೊತೆಗೆ. ಒರೆಗಳೆಲ್ಲ ದಬದಬನೆ ಉದುರಿದವು, ದನಿಗಳು ಕಿಟಕಿಯಿಂದ ಹಾರಿಹೋದವು. ಮಾಂತ್ರಿಕ ತನ್ನ ಎರಡೂ ಕೈಗಳನ್ನು ನೋಡಿ, "ಯಾರು ನೀವು?" ಎಂದು ಮರ್ಯಾದೆಯಿಂದ ಕೇಳಿದ. ಅವನು ಕೇಳುತ್ತಲೇ ಹೊಗೆಯಾಗಿ ಕರಗಿದ. ಅವನ ಚೂರಿಯೂ ತುಕ್ಕಾಗಿ ಉದುರಿತು. ನೆಲಕ್ಕೆ ಬಿದ್ದ ಅಕ್ಕನ ಚಾಕನ್ನು ಮಾಳಿಂಗ ಎತ್ತಿಕೊಂಡ.

ಬರುವಾಗ ಮೂರು ಬಾಗಿಲಲ್ಲೂ ಅದೇ ಪ್ರಶ್ನೆ. ಸಿರಿಯವ್ವನ ತಮ್ಮ ಎಂದು ಮೂರು ಸಲವೂ ಗಟ್ಟಿಯಾಗಿ ಹೇಳಿದ, ತನ್ನ ಚೂರಿಗಳನ್ನೂ ಎತ್ತಿಕೊಂಡ. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ದಾರಿಯುದ್ದಕ್ಕೂ ಕರಿಗಲ್ಲಿನ ಮನೆಮನೆಯಲ್ಲಿ ತಾಯಿ ಮಗನನ್ನು, ಗೆಳೆಯ ಗೆಳೆಯನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅಂದಿನಿಂದ ಆ ರಾಜ್ಯದಲ್ಲಿ ಯಾರೂ ತಮ್ಮವರಿಗೆ ಅಪರಿಚಿತರಾಗಲಿಲ್ಲ.

ಸಿರಿಯವ್ವ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ಯೋ? ನನ್ನ ಚಾಕು ಎಲ್ಲೋ?"

ಆ ಬೈಗುಳಕ್ಕೆ ಮಾಳಿಂಗನ ಕಣ್ಣು ತುಂಬಿತು. ಖುಷಿಯಲ್ಲಿ ಎಲ್ಲ ಮರೆತು ಚಾಕನ್ನು ಅವಳ ಕೈಗೆ ಚಾಚಿದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಕೆಳಗಿಡೋ," ಎಂದಳು.