ಬಾಳೆಲೆಯ ಜೊತೆ ಹೋದ ಮಣ್ಣು

"ಹದಿನಾಲ್ಕರಾಗ ಒಂದು ಕಡಿಮಿ ಬಿದ್ದೈತ್ರಿ," ಎಂದ ಸಂತೋಷಕುಮಾರ ಫೋನಿನಲ್ಲಿ.

ನಿಸರ್ಗಾಗೆ ಅರ್ಥವಾಗಲಿಲ್ಲ. "ಏನು ಕಡಿಮೆ?"

"ನಿಮ್ಮ ಮಣ್ಣಿನ ಕೊಳವಿ. ನಾನ ಮಾರೇನ್ರಿ. ಬಾಳಿ ಎಲಿ ಸುರುಳಿ ಅಂತ ತಿಳದು ಜವರಮ್ಮಜ್ಜಿ ಚೀಲಕ್ಕ ಹಾಕಿಬಿಟ್ಟೆ."

ನಾಳೆ ಆಯುಧಪೂಜೆ. ಸ್ಯಾನ್ ರಮೋನಿನ ಅವನ ಗ್ರೋಸರಿ ಅಂಗಡಿಯಲ್ಲಿ ಬೆಳಗಿನಿಂದ ಕಾಲಿಡಲು ಜಾಗವಿರಲಿಲ್ಲ. ಫ್ರೀಜರಿನ ಬಾಳೆಲೆಯೂ ಇವಳ ಮಣ್ಣೂ ಒಂದೇ ಉದ್ದ, ಒಂದೇ ದಪ್ಪ; ಎರಡರ ಮೇಲೂ ಹಿಮದ ಬಿಳುಪು. ಗಡಿಬಿಡಿಯಲ್ಲಿ ಕೈ ತಪ್ಪಿತ್ತು.

ಮಣ್ಣಿಗೆ ಕಿರಾಣಿ ಅಂಗಡಿಯಲ್ಲೇನು ಕೆಲಸ ಎನ್ನುತ್ತೀರಾದರೆ, ಅದಕ್ಕೂ ಒಂದು ಕಾರಣವಿತ್ತು. ಅದು ಕೆನಡಾದ ಉತ್ತರ ತುದಿಯಲ್ಲಿ ಸಾವಿರಾರು ವರ್ಷ ಕರಗದೆ ಗಟ್ಟಿಯಾಗಿದ್ದ ನೆಲದಿಂದ ಕೊರೆದು ತೆಗೆದದ್ದು. ಅಷ್ಟು ಹಳೆಯ ಬೇರು, ಪಾಚಿ ಅದರೊಳಗೆ ಕೊಳೆಯದೆ ಕೂತಿರುತ್ತವೆ. ಈಗ ಲೋಕ ಬಿಸಿಯಾಗಿ ಆ ನೆಲ ಕರಗುತ್ತಿದೆ. ಕರಗಿದರೆ ಅವೆಲ್ಲ ಕೊಳೆತು ಹೊರಬಿಡುವ ಅನಿಲ ಲೋಕವನ್ನು ಇನ್ನಷ್ಟು ಬಿಸಿ ಮಾಡುತ್ತದೆ. ಎಷ್ಟು ಅನಿಲ, ಎಷ್ಟು ಬೇಗ ಎಂದು ಅಳೆಯುವುದೇ ನಿಸರ್ಗಾಳ ಕೆಲಸ. ಕಾಡ್ಗಿಚ್ಚಿನ ಭಯಕ್ಕೆ ಗಾಳಿ ಎದ್ದಾಗಲೆಲ್ಲ ಕರೆಂಟು ತೆಗೆದು ತೆಗೆದು ಲ್ಯಾಬಿನ ಫ್ರೀಜರು ಕೆಟ್ಟಿತು. ಹೊಸದು ಬರಲು ಆರು ವಾರ. ಜನರೇಟರು ಇದ್ದದ್ದು ಸಂತೋಷನ ಅಂಗಡಿಯಲ್ಲಿ. ಕೇಳಿದಳು. ಅವನು ಚಪಾತಿ ಪ್ಯಾಕೆಟ್ಟುಗಳನ್ನು ಸರಿಸಿ ಒಂದು ಹಲಗೆ ಬಿಟ್ಟುಕೊಟ್ಟ.

ಅಂದಿನಿಂದ ದಿನವೂ ಬಂದು ಥರ್ಮಾಮೀಟರು ನೋಡಿ ಬರೆದುಕೊಳ್ಳುತ್ತಿದ್ದಳು. ಆ ಫ್ರೀಜರು ಕೋಣೆಯಷ್ಟು ದೊಡ್ಡದು; ಒಳಗೆ ಹೋಗಲು ಅವನ ದಪ್ಪ ಜಾಕೆಟ್ಟು ತೊಟ್ಟರೆ ತೋಳು ಅವಳ ಬೆರಳನ್ನೂ ನುಂಗುತ್ತಿತ್ತು. "ಕೈ ಎಲ್ಲಿ ಹೋದ್ವು ನಿಮ್ಮವು?" ಎನ್ನುತ್ತಿದ್ದ. ಅವನ ರೆಪ್ಪೆಯ ಮೇಲೆ ಹಿಮದ ಹುಡಿ ಕೂತಿರುತ್ತಿತ್ತು. ಅದನ್ನು ನೋಡುತ್ತ ಅವಳು ಒಮ್ಮೆ ಮೈನಸ್ ಹದಿನೆಂಟನ್ನು ಎಂಬತ್ತೊಂದು ಎಂದು ಬರೆದಿದ್ದಳು.

ಆದರೂ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅವನು ಇಪ್ಪತ್ತು ವರ್ಷದ ಹಿಂದೆ ಗದಗಿನಿಂದ ಬಂದು ಸಿಟಿಜನ್ ಆದವನು. ಹಾಸನದ ಇವಳು ಒಂಬತ್ತು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವಳು. ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆಯಲ್ಲಿ, ತಾನು ಓದುವ ಆ ನೆಲವನ್ನು ಒಮ್ಮೆಯೂ ಮೆಟ್ಟಿರಲಿಲ್ಲ; ತಂದೆ ತೀರಿಕೊಂಡಾಗಲೂ ಊರಿಗೆ ಹೋಗಿರಲಿಲ್ಲ. ಅವನು ಇಷ್ಟವೆಂದರೆ ಗ್ರೀನ್ ಕಾರ್ಡಿನ ಕಾಗದಕ್ಕಾಗಿ ಹೇಳಿದಳು ಎಂದಾಗುತ್ತದೆ. ಬಾಯೊಳಗೆ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇದರ ನಡುವೆ ಆ ನೆಲವಿರುವ ಕೆನಡಾದ ಯೂಕಾನ್‌ನ ಸಂಶೋಧನಾ ಕೇಂದ್ರ ಮೂರು ವರ್ಷದ ಕೆಲಸಕ್ಕೆ ಕರೆದಿತ್ತು. ಹೋದರೆ ಇಲ್ಲಿಯ ಸಾಲು ತಪ್ಪುತ್ತದೆ. ಉತ್ತರ ಕೊಡಲು ಇವತ್ತು ಸಂಜೆ ಐದು ಕೊನೆ. ಅದನ್ನೂ ಅವನಿಗೆ ಹೇಳಿರಲಿಲ್ಲ.

ಇಬ್ಬರೂ ಅವನ ಕಾರಿನಲ್ಲಿ ಅಜ್ಜಿಯಿದ್ದ ಪಕ್ಕದ ಊರು ಡ್ಯಾನ್‌ವಿಲ್‌ಗೆ ಓಡಿದರು. ಜವರಮ್ಮ ಮಗಳ ಮನೆಯ ಅಡಿಗೆಮನೆಯಲ್ಲಿ ಸೆರಗು ಸಿಕ್ಕಿಸಿ ನಿಂತಿದ್ದರು. ಸಿಂಕಿನಲ್ಲಿ ಕಪ್ಪು ರಾಡಿ.

"ಎಲೆ ಅಂತ ಬಿಚ್ಚುದ್ರೆ ಕೆಸ್ರು ಕಣವ್ವ. ನಮ್ಮೂರು ಕೆರೆ ಹೂಳ್ ತೆಗ್ದಂಗೆ ವಾಸ್ನೆ."

"ಆರು ಸಾವಿರ ವರ್ಷದ್ದಜ್ಜಿ ಅದು."

"ಆರ್ ಸಾವ್ರ ವರ್ಸ ಕೆಡ್ದೆ ಇದ್ದದ್ದು ನಮ್ಮನೆ ಸಿಂಕಲ್ಲಿ ಕೆಡ್ಬೇಕಾ? ಮಾರಿದೋನ್ನ ಕೇಳು." ಸಂತೋಷ ತಲೆ ತಗ್ಗಿಸಿದ. ಮುದುಕಿ ಇಬ್ಬರನ್ನೂ ಮತ್ತೆ ಮತ್ತೆ ನೋಡಿದರು. "ದಿನಾ ಅಂಗ್ಡೀಲಿ ನೋಡ್ತಾನೇ ಇವ್ನಿ ನಾನು. ಅದೇನ್ ಕಾಯ್ತಾ ಇದ್ದೀರೋ. ಇವುನ್ಗೆ ಸಿಟಿಜನ್ನು ಐತೆ. ಕಟ್ಕಂಡ್ರೆ ನಿನ್ ಕಾಗ್ದ ಪತ್ರದ್ ತಾಪತ್ರಯವೂ ತೀರ್ತದೆ, ಅಲ್ವೇನವ್ವ?"

ನಿಸರ್ಗಾ ಕೆಸರನ್ನು ಡಬ್ಬಿಗೆ ಬಳಿದುಕೊಂಡಳು.

ವಾಪಸು ಬರುವಾಗ 680 ಫ್ರೀವೇ ಪೂರ್ತಿ ನಿಂತಿತ್ತು. ಎಲ್ಲೋ ಬೆಟ್ಟಕ್ಕೆ ಬೆಂಕಿ ಬಿದ್ದ ಹೊಗೆ, ಕಿಟಕಿ ಇಳಿಸುವಂತಿಲ್ಲ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಾರಿನ ತುಂಬ ಆ ಹಳೆಯ ಮಣ್ಣಿನ ವಾಸನೆ.

"ಅಜ್ಜಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ," ಎಂದ ಅವನು, ಮುಂದಿನ ಕಾರನ್ನೇ ನೋಡುತ್ತ.

"ನಿಮಗೆ ಯಾವತ್ತೂ ಹಾಗನ್ನಿಸಿಲ್ವಾ? ನಾನು ಬರೋದು ಕಾಗದಕ್ಕೆ ಅಂತ?"

"ಒಮ್ಮೆ ಅನಿಸಿತ್ರಿ. ಸುಳ್ಳು ಹೇಳಂಗಿಲ್ಲ."

ಅವಳಿಗೆ ನೋವಾಯಿತು. ಆದರೆ ಅವನು ಇಲ್ಲವೆಂದಿದ್ದರೆ ನಂಬುತ್ತಿದ್ದಳೇ?

"ಅದಕಿಂತಾ ಇನ್ನೊಂದು ಅಂಜಿಕಿ," ಎಂದ ಅವನು ಮೆಲ್ಲಗೆ. "ನಾನು ಕೇಳಿದ್ರ, ಕಾಗದದ ಸಲುವಾಗಿ ನಿಮಗ ಒಲ್ಲೆ ಅನ್ನಾಕ ಬರದಂಗ ಆದ್ರ? ಹಿಡದು ಕಟ್ಟಿ ಹಾಕಿದಂಗ ಆಕ್ಕೈತಿ. ಅದಕ್ಕ ಸುಮ್ನಿದ್ದೆ."

ಗಡಿಯಾರದಲ್ಲಿ ನಾಲ್ಕೂವರೆ. ನಿಸರ್ಗಾ ಫೋನು ತೆಗೆದಳು. ನಾಲ್ಕು ಸಾಲು ಟೈಪು ಮಾಡಿದಳು, ಒಮ್ಮೆ ಓದಿದಳು, ಕಳಿಸಿದಳು. ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಳು.

"ಯೂಕಾನ್‌ಲಿ ಕೆಲಸ ಸಿಕ್ಕಿದೆ. ಒಪ್ಕೊಂಡೆ. ಜನವರಿಗೆ ಹೊರಡ್ತೀನಿ."

ಅವನ ಮುಖದ ಬಣ್ಣವೇ ಇಳಿಯಿತು. "ಒಂಬತ್ತು ವರ್ಷ ನಿಂತ ಸಾಲು?"

"ಬಿಟ್ಟೆ." ಅವನತ್ತ ತಿರುಗಿದಳು. "ಈಗ ನಿಮ್ಮಿಂದ ನನಗೆ ಯಾವ ಕಾಗದಾನೂ ಬೇಕಾಗಿಲ್ಲ. ಈಗ ಹೇಳ್ಬಹುದು. ನೀವಂದ್ರೆ ನನಗಿಷ್ಟ ಸಂತೋಷ್. ತುಂಬಾ ದಿನದಿಂದ."

"ಹೋಗೂ ಹೊತ್ತಿನಾಗ ಹೇಳ್ತೀರಲ್ರಿ."

"ಇರೋ ಹೊತ್ತಲ್ಲಿ ಹೇಳೋ ಹಾಗಿರಲಿಲ್ಲವಲ್ಲ."

ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟ. ತಲೆ ಎತ್ತಿದಾಗ ಕಣ್ಣು ಒದ್ದೆ. ತುಟಿಯ ಕೊನೆಯಲ್ಲಿ ಮಾತ್ರ ಒಂದು ತುಂಟತನ.

"ಕೆನಡಾಕ್ಕ ಬರಾಕ ನನಗ ಯಾರ ಅಪ್ಪಣಿನೂ ಬೇಕಿಲ್ರಿ. ಬರ್ತೀನಿ. ಆದ್ರ ಅಲ್ಲೇ ನೆಲಸಬೇಕಂದ್ರ ಕಾಗದ ಬೇಕಾಗೂದು ನನಗ. ನಿಮ್ಮನ್ನ ಕಟ್ಕೊಂಡ್ರ ಸಿಗತೈತೇನೋ."

"ಅಂದ್ರೆ?"

"ಅಂದ್ರ ಸಂಶಯ ಪಡೂ ಸರದಿ ನಿಮ್ಮದು."

ಅವಳು ನಕ್ಕಳು. ನಗುತ್ತ ನಗುತ್ತ ಅತ್ತಳು. ಅವನು ಟಿಶ್ಯೂ ಹುಡುಕಿದ, ಸಿಗದೆ ತನ್ನ ಕರ್ಚೀಫು ಕೊಟ್ಟ.

"ಪಡ್ತೀನಿ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ದಿನಾ ಬೆಳಗೆದ್ದು ಪಡ್ತೀನಿ. ಎದುರಿಗೆ ಕೂತಿರ್ಬೇಕು ನೀವು."

ಅಂಗಡಿಯಿಂದ ಫೋನು ಬಂತು. ಅವನು ಎತ್ತಿ, "ಬಾಳಿ ಎಲಿ ಮುಗದಾವಂತ ಹೇಳ್ರಿ," ಎಂದು ಇಟ್ಟ. ಆ ಕೈಯನ್ನು ಅವಳು ಮತ್ತೆ ಸ್ಟೀರಿಂಗಿಗೆ ಹೋಗಲು ಬಿಡಲಿಲ್ಲ.