ಮಗ್ಗದ ಬೀದಿಯ ಕರಿಹಲಗೆ

ಕನ್ನಡ ಭಾಷೆಯ ಅಳಿವು ಉಳಿವಿಗೆ ನೇರವಾಗಿ ಸಂಬಂಧಿಸಿದ, ಹಾಗಾಗಿ ಕೋಳಿ ಕಳ್ಳತನ, ಮೊಬೈಲ್ ಕಳ್ಳತನಗಳ ಸಾಲಿಗೆ ಸೇರಿಸಕೂಡದ ಕೃತ್ಯವೊಂದು ಕೊಳ್ಳೇಗಾಲ ಪಟ್ಟಣದಲ್ಲಿ ನಡೆದಿದೆಯೆಂಬ ದೂರು 2025ರ ಜುಲೈ 15, ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂತು. ಕಳುವಾದದ್ದು ಒಂದು ಕರಿಹಲಗೆ. ಉದ್ದ ಮೂರು ಅಡಿ, ಅಗಲ ಎರಡು.

ದೂರುದಾರರು ರಾಮಲಿಂಗಯ್ಯ, ನಿವೃತ್ತ ಕನ್ನಡ ಮೇಷ್ಟ್ರು, ವಯಸ್ಸು ಅರವತ್ತೆಂಟು. ಮಗ್ಗದ ಬೀದಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯನ್ನು ವಾಚನಾಲಯ ಮಾಡಿದ್ದರು. ಅದರ ಕಿಟಕಿ ಸರಳಿಗೆ ಆ ಹಲಗೆ ಕಟ್ಟಿ, ದಿನಕ್ಕೊಬ್ಬರ ಇಂಗ್ಲಿಷ್ ಬೆರಕೆ ಮಾತನ್ನು ಹೆಸರು ಸಮೇತ ಬರೆದು ಕೆಳಗೆ ತಿದ್ದುತ್ತಿದ್ದರು. ಆರು ವರ್ಷದಿಂದ.

“ಕೂತ್ಕೊಳಿ ಮೇಷ್ಟ್ರೇ. ಕಂಪ್ಲೇಂಟ್ ಬರ್ದು ಕೊಡಿ, ರಿಜಿಸ್ಟರ್ ಮಾಡ್ತೀವಿ,” ಎಂದರು ಇನ್ಸ್‌ಪೆಕ್ಟರ್ ನಾಗರಾಜು.

“ದೂರು. ದಾಖಲಿಸಿಕೊಳ್ಳುತ್ತೇವೆ.”

“ಆಯ್ತು. ಯಾರ ಮೇಲಾದ್ರೂ ಡೌಟ್ ಪಡ್ತೀರಾ?”

“ಅನುಮಾನ!” ಮೇಷ್ಟ್ರು ಮೇಜು ಗುದ್ದಿದರು. “ಠಾಣೆಯಲ್ಲೇ ಹೀಗಾದರೆ ಬೀದಿಯವರನ್ನ ಏನೆನ್ನಲಿ? ಇಡೀ ಬೀದಿಯ ಮೇಲೆ ಅನುಮಾನ. ಬರೆದುಕೊಳ್ಳಿ.”

11.05ಕ್ಕೆ ಎಫ್‌ಐಆರ್ ಆಯಿತು. ಅದರಲ್ಲಿ ‘ಸದರಿ’ ಎಂಬ ಪದ ಒಂಬತ್ತು ಸಲ ಬಂದಿತ್ತು. ಮೇಷ್ಟ್ರು ಓದಿ ಮೆಚ್ಚಿದರು.

12.15ಕ್ಕೆ ಸ್ಥಳ ಪಂಚನಾಮೆ. ಕಾನ್‌ಸ್ಟೆಬಲ್ ದೀಪ ಕಿಟಕಿಗೆ ಮುಖವಿಟ್ಟು ನಿಂತಳು. ಹಲಗೆ ಕಟ್ಟಿದ್ದ ಹುರಿಯನ್ನು ಕತ್ತರಿಸಲಾಗಿತ್ತು. ಆದರೆ ಕತ್ತರಿಸಿದ ಎರಡು ತುದಿಗಳೂ ಜೋತು ಬಿದ್ದಿರಲಿಲ್ಲ. ಸೇರಿಸಿ ಪುಟ್ಟದೊಂದು ಗಂಟು ಹಾಕಿತ್ತು. ಗಂಟಿನ ಬಾಲವನ್ನೂ ಒಪ್ಪವಾಗಿ ಕತ್ತರಿಸಿತ್ತು.

“ಕಟ್ ಮಾಡವ್ರೆ ಸಾ. ಮತ್ತೆ ಜಾಯಿಂಟೂ ಮಾಡವ್ರೆ,” ಎಂದಳು ದೀಪ.

“ಕಳ್ಳನಿಗೆ ಅದ್ಯಾಕೆ ಬೇಕು?” ಎಂದರು ನಾಗರಾಜು.

“ಬೇಕು ಅಂತ ಮಾಡಿದ್ದಲ್ಲ. ಇದು ಮಗ್ಗದೋರ ಗಂಟು. ನಮ್ಮಪ್ಪಂಗೂ ಇದೇ ಚಾಳಿ. ಎಳೆ ಕಿತ್ತೋದ್ದು ಕಣ್ಣಿಗ್ ಬಿದ್ರೆ ಅಂಗೇ ಬುಟ್ಟು ಓಗಾಕೆ ಅವ್ರ ಕೈ ಕೇಳಾಕಿಲ್ಲ.”

ಬೀದಿಯಲ್ಲಿ ನಲವತ್ತು ಮನೆ, ನಲವತ್ತರಲ್ಲೂ ಮಗ್ಗ. ವಿಚಾರಣೆ ಶುರುವಾಯಿತು.

“ಬೋರ್ಡಾ?” ಎಂದ ಎದುರುಮನೆಯ ಮಾದೇಶ. “ಅಲ್ಲೊಂದು ಬೋರ್ಡಿತ್ತಾ ಸಾ?”

“ಆರು ವರ್ಷ ನಿನ್ನ ಬಾಗಿಲಿಗೆ ಎದುರಾಗೇ ಇತ್ತಲ್ಲಯ್ಯಾ!”

“ನನ್ನೆಸ್ರೇ ಏಳು ಸಲ ಆಕವ್ರೆ. ಆದ್ರೂ ನಾನು ನೋಡಿಲ್ಲ ಬುಡಿ.”

ಉಳಿದ ಮನೆಗಳಲ್ಲೂ ಇದೇ ಉತ್ತರ. ಇಷ್ಟು ಒಗ್ಗಟ್ಟಿನ ಕುರುಡನ್ನು ನಾಗರಾಜು ತಮ್ಮ ಸರ್ವಿಸ್ಸಿನಲ್ಲಿ ಕಂಡಿರಲಿಲ್ಲ.

1.30ಕ್ಕೆ ಅವರು ಮೇಷ್ಟ್ರ ನೋಟ್‌ಬುಕ್ಕು ತರಿಸಿಕೊಂಡರು. ಹಲಗೆಗೇರಿದ ಪ್ರತಿ ಮಾತೂ ಅದರಲ್ಲಿತ್ತು. ಚಾರ್ಜಿಗೆ ಹಾಕು. ಮಿಸ್ ಕಾಲ್ ಕೊಡು. ಟೆನ್ಷನ್ ತಕೋಬೇಡ. ಸೈಜಿಗೆ ಕಟ್ ಮಾಡು. ಸೈಕಲ್ಲಿಗೆ ಪಂಕ್ಚರ್ ಹಾಕಿಸು. ಬ್ರೇಕ್ ಹೊಡಿ. ಓದುತ್ತಾ ಹೋದಂತೆ ನಾಗರಾಜುಗೆ ಬೇರೆಯೇ ಒಂದು ಸಂಗತಿ ಕಂಡಿತು: ನಾಮಪದವಷ್ಟೇ ಹೊರಗಿನಿಂದ ಬಂದು ಕುರ್ಚಿಯಲ್ಲಿ ಕೂತಿದೆ, ಮಾಡುವುದು, ಹಾಕುವುದು, ಕೊಡುವುದು, ಹೊಡೆಯುವುದು, ದುಡಿಮೆಯೆಲ್ಲ ಕನ್ನಡದ್ದೇ. ಅವರ ಅಜ್ಜಿ ‘ಲೈಟ್ ಆರಿಸ್ಲಾ’ ಎನ್ನುತ್ತಲೇ ಸತ್ತಿದ್ದರು. ಇದನ್ನು ಮೇಷ್ಟ್ರಿಗೆ ಹೇಳಲಿಲ್ಲ.

ಕೊನೆಯ ಬರಹದ ದಿನಾಂಕ ಜುಲೈ 3. “ಆಮೇಲೆ ಯಾಕೆ ಬರ್ದಿಲ್ಲ?”

“ಅವತ್ತೇ ನಸುಕಿನಲ್ಲಿ ಹನೂರಿಗೆ, ಮಗಳ ಮನೆಗೆ ಹೋದೆ. ಇವತ್ತು ಬಂದೆ. ಯಾರೂ ಅಳಿಸದಿರಲಿ ಅಂತ ಸುಣ್ಣದ ಕಡ್ಡಿ ಬಿಟ್ಟು ಎಣ್ಣೆ ಬಣ್ಣದಲ್ಲಿ ಬರೆದಿದ್ದೆ.”

ನಾಗರಾಜು ಓದಿದರು.

‘ಮಹಾಲಕ್ಷ್ಮಮ್ಮ: ಡಿಸ್ಚಾರ್ಜ್ ಮಾಡ್ಬ್ಯಾಡಿ ಸಾ, ಆಕ್ಸಿಜನ್ ಹಾಕ್ಬುಟ್ಟು ಇನ್ನೊಂದ್ ದಿನ ಇಟ್ಕಳಿ. ತಪ್ಪು.

ಬಿಡುಗಡೆ ಮಾಡಬೇಡಿರಿ, ಆಮ್ಲಜನಕ ಪೂರೈಸಿ ಇನ್ನೊಂದು ದಿನ ಇರಿಸಿಕೊಳ್ಳಿರಿ. ಸರಿ.’

“ಇದನ್ನ ಎಲ್ಲಿ ಕೇಳಿದ್ರಿ?”

“ಹಿಂದಿನ ಸಂಜೆ ನನ್ನ ಕಿಟಕಿಯ ಕೆಳಗೆ ನಿಂತು ದೂರವಾಣಿಯಲ್ಲಿ ಕೂಗುತ್ತಿದ್ದಳು. ಒಂದೇ ವಾಕ್ಯದಲ್ಲಿ ಎರಡು! ಸಿಗುವುದು ಅಪರೂಪ.”

ಇನ್ಸ್‌ಪೆಕ್ಟರ್ ನೋಟ್‌ಬುಕ್ಕು ಮುಚ್ಚಿದರು. ಎದ್ದು ಮಹಾಲಕ್ಷ್ಮಮ್ಮನ ಮನೆಯತ್ತ ನಡೆದರು. ಬೂಟಿನ ಸದ್ದು ಜೋರಾಗಿತ್ತು.

ಮಹಾಲಕ್ಷ್ಮಮ್ಮನ ಮನೆಗೆ ಬೀಗ. ಜಗುಲಿಯಲ್ಲಿ ಬಾಡಿಗೆ ಶಾಮಿಯಾನದ ಕಂಬಗಳು ಇನ್ನೂ ಬಿದ್ದಿದ್ದವು. ಗಂಡ ಪರಮೇಶ ಜುಲೈ 3ರ ಮಧ್ಯಾಹ್ನ ತೀರಿಕೊಂಡನೆಂದೂ, ಭಾನುವಾರ ಹನ್ನೊಂದನೇ ದಿನದ ಕಾರ್ಯ ಮುಗಿಯಿತೆಂದೂ ಮಾದೇಶ ಕೇಳದೆಯೇ ಹೇಳಿದ. ಆಕೆ ಎಲ್ಲಿ ಎಂದು ಕೇಳಿದರೆ ಮತ್ತೆ ಕುರುಡಾದ.

ಬಸ್ ಸ್ಟ್ಯಾಂಡಿನಲ್ಲಿ ಯಳಂದೂರು ಬಸ್ಸಿನ ಕಂಡಕ್ಟರ್ ಸಿಕ್ಕಿದ. “ನೆನ್ನೆ ಮಧ್ಯಾನ ಸಾ. ಸೀರೆ ಸುತ್ತಿದ್ ಹಲಗೆ. ಲಗೇಜ್ ಹಾಕ್ಬೇಕಮ್ಮಾ ಅಂದೆ. ಅದೊಂದ್ ನೋಟ ನೋಡುದ್ರು ನೋಡಿ, ಬಾಯ್ ಮುಚ್ಕಂಡು ಮಾಂಬಳ್ಳೀಲಿ ಇಳುಸ್ದೆ.”

3.50. ಮಾಂಬಳ್ಳಿ, ಮಹಾಲಕ್ಷ್ಮಮ್ಮನ ತಂಗಿಯ ಮನೆ ಹಿತ್ತಿಲು. ಒಗೆಯುವ ಕಲ್ಲಿನ ಮೇಲೆ ಹಲಗೆ. ಆಕೆಯ ಕೈಯಲ್ಲಿ ಇಟ್ಟಿಗೆ ಚೂರು. ಪೊಲೀಸರನ್ನು ಕಂಡು ಏಳಲಿಲ್ಲ.

“ನೀವೇ ತಂದ್ರಾ?”

“ಊ. ಕದ್ದೆ. ಬರ್ಕಳಿ.”

“ಯಾಕೆ?”

“ಯಾಕಾ?” ಇಟ್ಟಿಗೆ ಚೂರು ನಾಗರಾಜು ಕಾಲ ಬಳಿ ಬಂದು ಬಿತ್ತು. “ಮೈಸೂರಲ್ಲಿ ಆ ಡಾಕ್ಟ್ರು ಆಗಾಕಿಲ್ಲ, ಕರ್ಕಂಡೋಗಿ ಅಂತವ್ರೆ. ನಾನು ನಮ್ ಬೀದೀಲಿ ನಿಂತ್ಕಂಡು ಫೋನಲ್ಲೇ ಅವ್ರ ಕಾಲಿಡ್ಕಂಡಿವ್ನಿ. ಈ ಮೇಷ್ಟ್ರು ಕಿಟಕೀಲಿ ಕುಂತ್ಕಂಡು ತಪ್ಪು ಎಣಿಸ್ತಾವ್ರೆ! ಮಾರ್ನೆ ದಿನ ಹೆಣ ಆ ಬೋರ್ಡ್ ಮುಂದ್ಲಿಂದ್ಲೇ ಮನೆಗೆ ಬಂತು ಸಾ. ಅನ್ನೊಂದ್ ದಿನ! ಕಾರ್ಯಕ್ ಬಂದೋರೆಲ್ಲ ಅದ ಓದ್ಕಂಡೇ ಒಳಿಕ್ ಬಂದ್ರು. ಒಬ್ಬ ನೆಂಟ ನಗಾಡ್ದ. ಉಜ್ಜುದ್ರೂ ಓಗ್ನಿಲ್ಲ, ಪೇಂಟಲ್ಲಿ ಬರ್ದವ್ರೆ. ಗಂಡುನ್ ಉಸ್ರು ಓಯ್ತಿರೋವಾಗ ನಾನು ಡಿಕ್ಷನರಿ ತೆಕ್ಕಂಡು ಅಳ್ಬೇಕಿತ್ತಾ? ನೀನೂ ಎಣ್ಣೆಂಗ್ಸು ತಾನೆ, ನೀನೇ ಯೋಳವ್ವ!”

ದೀಪ ತಲೆ ತಗ್ಗಿಸಿದಳು. ನಾಗರಾಜು ಹಲಗೆಯತ್ತ ಬಗ್ಗಿದರು. ‘ತಪ್ಪು’ ಎಂಬುದು ಕೆರೆದು ಹೋಗಿತ್ತು. ಕೆಳಗಿನ ತಿದ್ದಿದ ಸಾಲನ್ನು ಹಸಿ ಮರ ಕಾಣುವಷ್ಟು ಕೆರೆದಿತ್ತು. ಮೇಲಿನ ಸಾಲಿನ ಒಂದಕ್ಷರಕ್ಕೂ ಇಟ್ಟಿಗೆ ತಾಗಿರಲಿಲ್ಲ.

“ಅವ್ರು ಬರ್ದಿದ್ದ ಕೆರ್ದುಬುಟ್ಟೆ,” ಎಂದಳು ಮಹಾಲಕ್ಷ್ಮಮ್ಮ. “ಮೇಲಿಂದು ನಂದು. ಅದಿರ್ಲಿ.”

ಹೇಳಿಕೆಯನ್ನು ದೀಪ ಬರೆದಳು. ರೂಢಿಯಂತೆ ‘ನಾನು ವೈದ್ಯರಲ್ಲಿ ವಿನಂತಿಸಿಕೊಂಡಿರುತ್ತೇನೆ’ ಎಂದು ಶುರು ಮಾಡಿದ್ದಕ್ಕೆ ಇನ್ಸ್‌ಪೆಕ್ಟರ್ ಸಿಡಿದರು. “ಹರಿದು ಹಾಕು! ಆಯಮ್ಮ ಏನಂದ್ರೋ ಅದನ್ನೇ ಬರಿ. ಒಂದು ಮಾತು ತಿದ್ದಿದ್ರೆ ನೋಡು.”

4.50ಕ್ಕೆ, ಸೂರ್ಯಾಸ್ತಕ್ಕೆ ಸಾಕಷ್ಟು ಮುಂಚೆ, ಮಹಿಳಾ ಕಾನ್‌ಸ್ಟೆಬಲ್ ಸಮಕ್ಷಮ ದಸ್ತಗಿರಿ ಆಯಿತು.

ಠಾಣೆಯ ಬೆಂಚಿನಲ್ಲಿ ರಾಮಲಿಂಗಯ್ಯ ಕಾಯುತ್ತಿದ್ದರು. ಹಲಗೆ ಸಿಕ್ಕಿತೆಂದು ಎದ್ದು ನಿಂತರು. ನಾಗರಾಜು ಅವರ ಮುಂದೆ ಹೇಳಿಕೆಯ ಹಾಳೆ ಎಸೆದು, “ಓದಿ. ಜೋರಾಗಿ ಓದಿ. ತಪ್ಪಿದ್ರೆ ಹೇಳಿ,” ಎಂದರು.

ಮೇಷ್ಟ್ರು ಓದತೊಡಗಿದರು. ಹೆಣ ಬಂತು ಎಂಬಲ್ಲಿ ನಿಂತರು. “ಪರಮೇಶ... ಹೋಗಿಬಿಟ್ಟನೇ? ನಾನು ಹನೂರಿನಲ್ಲಿದ್ದೆ. ನನಗೆ ಯಾರೂ...”

“ಯಾರು ಹೇಳ್ತಾರೆ ಮೇಷ್ಟ್ರೇ ನಿಮಗೆ? ಬಾಯಿ ಬಿಟ್ರೆ ಬೋರ್ಡಿಗೆ ಹಾಕ್ತೀರಿ.”

ಬಾಗಿಲಲ್ಲಿ ನಿಂತಿದ್ದ ಮಹಾಲಕ್ಷ್ಮಮ್ಮ ಅವರನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಮೇಷ್ಟ್ರು ಅತ್ತ ತಿರುಗಲಾರದೆ ಇನ್ಸ್‌ಪೆಕ್ಟರ್ ಕೈ ಹಿಡಿದರು.

“ಕೇಸು ಕ್ಯಾನ್ಸಲ್ ಮಾಡಿಬಿಡಿ ಸರ್. ಎಲ್ಲಿ ಸೈನ್ ಹಾಕಬೇಕು, ಹೇಳಿ, ಹಾಕ್ತೀನಿ.”

ಯಾರೂ ತಿದ್ದಲಿಲ್ಲ.

“ಎಫ್‌ಐಆರ್ ಆದ ಮೇಲೆ ಠಾಣೆಯಲ್ಲಿ ಅದಾಗಲ್ಲ,” ಎಂದರು ನಾಗರಾಜು.

ಆರೋಪಿಯನ್ನು ಜುಲೈ 16ರಂದು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ಸಿಕ್ಕಿತು. ಜಪ್ತಿಯಾದ ಹಲಗೆ ಠಾಣೆಯ ಮುದ್ದೆಮಾಲು ಕೊಠಡಿಯಲ್ಲಿ ಗೋಡೆಗೆ ಮುಖ ಮಾಡಿಕೊಂಡಿದೆ.