ಪಟ್ಟಿಯಲ್ಲಿ ಬರೆಯದ ಮಾತು

"ಇಪ್ಪತ್ತಮೂರು ಇವೆ. ಎಣಿಸಿಕೊಳ್ಳಿ."

ಅವಳು ಗಲ್ಲಾಪೆಟ್ಟಿಗೆಯ ಮುಂದೆ ಕರವಸ್ತ್ರ ಬಿಚ್ಚಿದಳು. ಒಳಗೆ ಕೆಂಪು, ಹಸಿರು, ಹಳದಿ ಕಾಗದದ ಪೆಪ್ಪರಮೆಂಟುಗಳು. ಚಿಲ್ಲರೆ ಇಲ್ಲ ಅಂತ ಇದೇ ಅಂಗಡಿಯಲ್ಲಿ ಒಂದು ತಿಂಗಳಿನಿಂದ ಅವಳ ಕೈಗೆ ತುರುಕಿದ್ದವು.

ಅಂಗಡಿಯವನು ಪೆಪ್ಪರಮೆಂಟುಗಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

"ನೀವು ಕೊಡುವಾಗ ಇದು ದುಡ್ಡು ತಾನೇ? ನಾನು ಕೊಟ್ರೂ ದುಡ್ಡೇ. ಒಂದು ಪ್ಯಾಕೆಟ್ ಉಪ್ಪು ಕೊಡಿ."

ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಒಂದೊಂದಾಗಿ ಇಪ್ಪತ್ತಮೂರನ್ನೂ ಎಣಿಸಿ ಭರಣಿಗೆ ಹಾಕಿ, ಉಪ್ಪಿನ ಪ್ಯಾಕೆಟ್ ಮುಂದಿಟ್ಟ. ಏನೋ ಹೇಳಲು ಬಾಯಿ ತೆರೆದ, ಅವಳು ಬಿಡಲಿಲ್ಲ.

"ಇನ್ನು ಮೇಲೆ ನಾನು ಪಟ್ಟಿ ಬರೆದುಕೊಡ್ತೀನಿ. ಅದರಲ್ಲಿ ಇರೋದನ್ನ ಮಾತ್ರ ಕೊಡಿ. ಪಟ್ಟಿಯಲ್ಲಿ ಇಲ್ಲದ ಸಾಮಾನೂ ಬೇಡ, ಪಟ್ಟಿಯಲ್ಲಿ ಇಲ್ಲದ ಮಾತೂ ಬೇಡ."

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಇಪ್ಪತ್ತಮೂರು ಪೆಪ್ಪರಮೆಂಟಿಗೆ ಇಷ್ಟು ರಂಪವೇ ಅಂತ ನೀವು ಕೇಳಬಹುದು. ಸ್ವಲ್ಪ ತಡೆಯಿರಿ... ಅವಳ ಮನೆಯ ಕಥೆ ಕೇಳಿದ ಮೇಲೆ ಹೇಳಿ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಕೂದಲೆಳೆಯಷ್ಟು ಹೆಚ್ಚಾದರೂ ಗಾಜು ಒಡೆಯುವ ಕೆಲಸ. ಮನೆಯಲ್ಲಿ ಅಪ್ಪ ಮತ್ತು ಅವಳು, ಇಬ್ಬರೇ. ಅದಕ್ಕೆ ಹಿಂದಿನ ಎರಡು ತಿಂಗಳು ಇಪ್ಪತ್ತನೇ ತಾರೀಕಿಗೇ ಸಂಬಳ ಮುಗಿದು, ನಾಚಿಕೆ ಬಿಟ್ಟು ಅಣ್ಣನ ಹತ್ತಿರ ಕೈಚಾಚಿದ್ದಳು. ಅಣ್ಣ ಕೊಟ್ಟ. ಕೊಟ್ಟಿದ್ದಕ್ಕಿಂತ ಹೆಚ್ಚು ಮಾತು ಆಡಿದ.

"ನಿನಗೆ ಕನ್ನಡಕಕ್ಕೆ ಗಾಜು ಕೂರಿಸೋಕೆ ಬರುತ್ತೆ, ಮನೆ ನಡೆಸೋಕೆ ಬರಲ್ಲ. ಅಪ್ಪನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ಯಾವುದಾದ್ರೂ ಹಾಸ್ಟೆಲ್ ನೋಡ್ಕೋ."

ಅಪ್ಪ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ!

ಅವಳು ಪಂಥ ಕಟ್ಟಿದ್ದು ಆಗ. ಆರು ತಿಂಗಳು ಕೊಡು ಅಂದಳು. ಮನೆ ಸಾಮಾನಿಗೆ ತಿಂಗಳಿಗೆ ಐದು ಸಾವಿರ, ಅದರ ಮೇಲೆ ಒಂದು ಕಾಸೂ ಇಲ್ಲ. ಒಂದೇ ಒಂದು ತಿಂಗಳು ದಾಟಿದರೂ ಅಪ್ಪನನ್ನು ಕಳಿಸಿಕೊಡುತ್ತೇನೆ ಅಂದಳು. ಅಣ್ಣ ನಗುತ್ತಾ ಒಪ್ಪಿಕೊಂಡ. ಆ ನಗು ಅವಳಿಗೆ ಇವತ್ತಿಗೂ ನೆನಪಿದೆ.

ಈಗ ಹೇಳಿ, ಇಪ್ಪತ್ತಮೂರು ಪೆಪ್ಪರಮೆಂಟು ಕಡಿಮೆಯೇ?

ಅವಳ ಪಟ್ಟಿ ಅಂದರೆ ಪಟ್ಟಿ. ಅಕ್ಕಿ ಇಷ್ಟು, ಬೇಳೆ ಇಷ್ಟು, ಎಲ್ಲಕ್ಕೂ ಗ್ರಾಂ ಲೆಕ್ಕ. ಪಕ್ಕದಲ್ಲಿ ಯಾವುದನ್ನು ಯಾವ ತಾರೀಕಿಗೆ ಒಡೆಯಬೇಕು ಅನ್ನುವ ಟಿಪ್ಪಣಿ. 'ಸೋಪು ಎರಡು, ಅರ್ಧ ಕತ್ತರಿಸಿ ಇಡುವುದು.' 'ಸಕ್ಕರೆ ಒಂದು ಕೆಜಿ, ಹದಿನೈದನೇ ತಾರೀಕಿನವರೆಗೆ ಅರ್ಧ ಮಾತ್ರ.' ಗಾಜಿಗೆ ಗುರುತು ಹಾಕುವ ಬಿಳಿ ಪೆನ್ಸಿಲ್ಲಿನಿಂದ ಡಬ್ಬಿಗಳ ಮೇಲೆ ವಾರಕ್ಕೊಂದು ಗೆರೆ ಎಳೆದಿದ್ದಳು. ಆ ವಾರ ಮುಗಿಯುವ ತನಕ ಸಾಮಾನು ಆ ಗೆರೆಗಿಂತ ಕೆಳಗೆ ಇಳಿಯಬಾರದು.

ಒಂದನೇ ತಾರೀಕು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಪಟ್ಟಿ ಕೊಡುವುದು, ಸಂಜೆ ಕಟ್ಟಿಟ್ಟ ಚೀಲ ತರುವುದು. ಮೊದಲ ತಿಂಗಳು ಮನೆಯಲ್ಲಿ ಪ್ರತಿಯೊಂದನ್ನೂ ತೂಗಿ ನೋಡಿದಳು. ಸರಿಯಾಗಿತ್ತು. ಆಮೇಲೆ ತೂಗುವುದನ್ನು ಬಿಟ್ಟಳು. ಅಂಗಡಿಯಲ್ಲಿ ಅವಳಿಗೆ 'ಗ್ರಾಂ ಮೇಡಂ' ಅಂತ ಹೆಸರು ಬಿದ್ದಿದೆ ಅನ್ನುವುದೂ ಕಿವಿಗೆ ಬಿತ್ತು. ಬೀಳಲಿ ಅಂದುಕೊಂಡಳು.

ಅಂಗಡಿಯವನು ಮಾತ್ರ ಆ ಹೆಸರು ಹಿಡಿದು ಕರೆದದ್ದಿಲ್ಲ. ಯಾವ ಹೆಸರಿನಿಂದಲೂ ಕರೆಯಲಿಲ್ಲ. ಬಾಯಿಗೆ ಬೀಗ. ಚಿಲ್ಲರೆಯನ್ನು ಕೊನೆಯ ಕಾಸಿನವರೆಗೆ ಎಣಿಸಿ ಕೊಡುತ್ತಿದ್ದ, ಅಷ್ಟೇ.

ಸಂಜೆ ಸಾಲಿನಲ್ಲಿ ನಿಂತಾಗ ಅವಳು ಅವನನ್ನು ನೋಡುತ್ತಿದ್ದಳು. ಬೇರೆಯವರಿಗೆ ತೂಗುವಾಗ ತಕ್ಕಡಿಯ ಅಂಕಿ ನಿಲ್ಲುವವರೆಗೂ ಅವನು ಉಸಿರು ಹಿಡಿಯುತ್ತಿದ್ದ. ಗಾಜು ಕೂರಿಸುವಾಗ ತಾನೂ ಹಾಗೇ ಮಾಡುತ್ತೇನೆ ಅಂತ ಅವಳಿಗೆ ಒಂದು ದಿನ ಹೊಳೆಯಿತು. 'ಇದ್ದರೆ ಇರಲಿ, ನನಗೇನು?' ಅಂತ ತನ್ನನ್ನೇ ಗದರಿಕೊಂಡಳು. ಆದರೂ ಒಂದನೇ ತಾರೀಕಿನ ಸಂಜೆ ಕನ್ನಡಿ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುವುದು ಶುರುವಾಗಿತ್ತು.

ಐದನೇ ತಿಂಗಳ ಕೊನೆಯ ದಿನ. ಲೆಕ್ಕದ ಪ್ರಕಾರ ಬೇಳೆ ಡಬ್ಬಿ ಖಾಲಿಯಾಗಬೇಕು. ಕೊನೆಯ ಗೆರೆಯ ಮೇಲೆ ನಾಲ್ಕು ಬೆರಳು ಬೇಳೆ ಇನ್ನೂ ಉಳಿದಿತ್ತು. ಅಕ್ಕಿಯೂ ಹಾಗೇ. ಹಿಂದಿನ ತಿಂಗಳುಗಳಲ್ಲಿ ಚೂರು ಉಳಿದಾಗ ತನ್ನ ಬಿಗಿ ಕೈ ಅಂದುಕೊಂಡಿದ್ದಳು, ಇಷ್ಟು ಉಳಿದದ್ದು ಇದೇ ಮೊದಲು.

ಅವಳಿಗೆ ಸಂತೋಷವಾಗಲಿಲ್ಲ, ಅನುಮಾನ ಬಂತು. ಅಪ್ಪ ಮಧ್ಯಾಹ್ನ ಒಬ್ಬರೇ ಇರುತ್ತಾರಲ್ಲ...

"ಅಪ್ಪ, ನಿಜ ಹೇಳು. ನಾನು ಗೆಲ್ಲಲಿ ಅಂತ ಅರೆಹೊಟ್ಟೆ ತಿಂತಿದ್ದೀಯಾ?"

ಅಪ್ಪನಿಗೆ ನಗು ಬಂತು. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಕ್ಷರ ಜೋಡಿಸಿ ನಿವೃತ್ತರಾದವರು, ಸುಳ್ಳು ಹೇಳಿ ಗೊತ್ತಿಲ್ಲ. ಮೂರು ಹೊತ್ತೂ ತಿನ್ನುತ್ತಿದ್ದೇನೆ, ಎರಡನೇ ಸಲ ಬಡಿಸಿಕೊಳ್ಳುತ್ತಲೂ ಇದ್ದೇನೆ ಅಂದರು.

ಮರುದಿನ ಆರನೇ ತಿಂಗಳ ಚೀಲ ಬಂತು. ಅವಳು ಅಡುಗೆಮನೆಯ ತಕ್ಕಡಿ ತೆಗೆದಳು. ಒಂದು ಕೆಜಿ ಬೇಳೆ, ಒಂದು ಕೆಜಿ ನೂರೈವತ್ತು ಗ್ರಾಂ ತೂಗಿತು. ಅಕ್ಕಿ ಅರ್ಧ ಕೆಜಿ ಜಾಸ್ತಿ. ಹಿಟ್ಟು ಜಾಸ್ತಿ. ಸಕ್ಕರೆ ಜಾಸ್ತಿ!

ಅಂದರೆ ಗೆದ್ದದ್ದು ಅವಳಲ್ಲ. ಅಣ್ಣನ ಮುಂದೆ ತಲೆಯೆತ್ತಿ ಹೇಳಿದ್ದೆಲ್ಲ ಯಾರದೋ ಕನಿಕರ. ಪಾಪ, ಒಂಟಿ ಹುಡುಗಿ, ವಯಸ್ಸಾದ ಅಪ್ಪ... ಆ ಮೂಕ ಮನುಷ್ಯ ತನ್ನನ್ನು ಹಾಗೆ ನೋಡುತ್ತಿದ್ದನೇ? ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಅಂಗಡಿಗೆ ಹೋದಳು. ಸಂಜೆಯ ಜನ ತುಂಬಿತ್ತು.

"ನಿಮ್ಮ ತೂಕ ಸರಿ ಇಲ್ಲ. ಎಷ್ಟು ತಿಂಗಳಿಂದ ನಡೀತಿದೆ ಈ ಮೋಸ?"

ಅವನ ಮುಖ ಬಿಳುಚಿಕೊಂಡಿತು. ಜನ ಅವರವರ ಚೀಲದ ಕಡೆ ನೋಡಿಕೊಂಡರು. ಯಾರೋ ಒಬ್ಬರು, ನನಗೂ ಮೊದಲೇ ಅನುಮಾನವಿತ್ತು ಅಂದರು. ಇನ್ನೊಬ್ಬರು ಕೈಯಲ್ಲಿದ್ದ ಎಣ್ಣೆ ಪ್ಯಾಕೆಟ್ ಅಲ್ಲೇ ಇಟ್ಟು ಹೊರಟರು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, 'ಇವರಿಗೆ ಜಾಸ್ತಿ ಕೊಟ್ಟೆ' ಅಂತ. ಹೇಳಲಿಲ್ಲ. ಅವಳು ಬಿಕ್ಕು ಬರುವ ಮೊದಲೇ ತಿರುಗಿ ನಡೆದಳು, ಹಿಂದೆ ಏನಾಯಿತು ಅಂತ ನೋಡಲಿಲ್ಲ.

ನಾಲ್ಕನೇ ದಿನ ಪಕ್ಕದ ಮನೆ ಅಜ್ಜಿ ಬಂದು ಕೂತರು. ಆ ಅಂಗಡಿಗೆ ಈಗ ನೊಣವೂ ಹೋಗುತ್ತಿಲ್ಲ, ತೂಕದಲ್ಲಿ ಕದಿಯುತ್ತಾನಂತೆ ಅಂತ ಸುದ್ದಿ ಹೇಳಿದರು.

"ಆದ್ರೆ ಒಂದು ಮಾತು ಕಣೇ, ಅವನು ಕೊಡ್ತಿದ್ದ ಪಟ್ಟಿ ಇತ್ತಲ್ಲ, ಅದರಿಂದ ನನ್ನ ಪೆನ್ಶನ್ನು ತಿಂಗಳು ಪೂರ್ತಿ ಬರ್ತಿತ್ತು."

ಅಜ್ಜಿ ಪರ್ಸಿನಿಂದ ಮಡಚಿದ ಕಾಗದ ತೆಗೆದರು. ಅವಳು ಬಿಡಿಸಿ ನೋಡಿದಳು. ಅವಳದೇ ಅಕ್ಷರ, ಜೆರಾಕ್ಸ್ ಮಾಡಿದ್ದು. 'ಸೋಪು ಎರಡು, ಅರ್ಧ ಕತ್ತರಿಸಿ ಇಡುವುದು.'

ಕನಿಕರ ಸಾಲದು ಅಂತ ಕಳ್ಳತನವೂ ಬೇರೆ!

ಮರುದಿನ ಬೆಳಿಗ್ಗೆ ಅಂಗಡಿ ನಿಜಕ್ಕೂ ಬಿಕೋ ಅನ್ನುತ್ತಿತ್ತು. ಅವನು ಖಾಲಿ ತಕ್ಕಡಿ ಒರೆಸುತ್ತಿದ್ದ. ಅವಳು ಕಾಗದವನ್ನು ತಟ್ಟೆಯ ಮೇಲಿಟ್ಟಳು.

"ಇದೇನು?"

ಅವನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಕಟ್ಟು ತೆಗೆದು ಅವಳ ಕಡೆ ತಳ್ಳಿದ. ಅವಳು ಕೊಟ್ಟ ಆರು ಪಟ್ಟಿಗಳು, ಒಂದೂ ಮುದುಡಿರಲಿಲ್ಲ. ಎರಡನೆಯದರ ಹಿಂದೆ ಅವನ ಅಕ್ಷರ: 'ಹೋದ ತಿಂಗಳು ಒಂಬತ್ತು ಮನೆಯವರು ಪಟ್ಟಿ ಕೇಳಿ ತಗೊಂಡರು. ಅಂಗಡಿಗೆ ಲಾಭ. ಬೇಳೆ ನೂರೈವತ್ತು ಗ್ರಾಂ, ಅಕ್ಕಿ ಅರ್ಧ ಕೆಜಿ, ಹಿಟ್ಟು, ಸಕ್ಕರೆ ನೂರು ನೂರು ಗ್ರಾಂ, ಪಟ್ಟಿ ಬರೆದವರ ಕೂಲಿ.' ಮೂರನೆಯದರಲ್ಲಿ ಹದಿನೇಳು ಮನೆ. ಆರನೆಯದರಲ್ಲಿ ನಲವತ್ತೆರಡು.

ಅವಳು ಓದಿದಳು. ಇನ್ನೊಮ್ಮೆ ಓದಿದಳು.

"ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಪಟ್ಟಿಯಲ್ಲಿ ಇಲ್ಲದ ಮಾತು ಬೇಡ ಅಂದಿದ್ರಿ."

ಅವಳಿಗೆ ಹಣೆ ಚಚ್ಚಿಕೊಳ್ಳಬೇಕು ಅನಿಸಿತು. ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಈ ಮಹಾರಾಯ ಐದು ತಿಂಗಳಿಗೂ ಮೇಲೆ ಪಾಲಿಸಿದ್ದಾನೆ. ಕೇಳದೆ ಪಟ್ಟಿ ಹಂಚಿದ್ದು ತಪ್ಪು ತಾನೇ ಅಂದಳು. ತಪ್ಪೇ ಅಂತ ಅವನು ತಲೆತಗ್ಗಿಸಿದ.

"ಮೊನ್ನೆ ಅಷ್ಟು ಜನರ ಮುಂದೆ ಯಾಕೆ ಸುಮ್ನಿದ್ರಿ?"

"ನಿಮಗೆ ಜಾಸ್ತಿ ಕೊಟ್ಟೆ ಅಂತ ಹೇಳಿದ್ರೆ ಆ ಜನ ನಿಮ್ಮ ಬಗ್ಗೆ ಏನೇನು ಆಡ್ಕೋತಿದ್ರೋ. ಅಂಗಡಿ ಹೋದ್ರೆ ಇನ್ನೊಂದು ಇಡಬಹುದು ಮೇಡಂ."

ಅವಳು ಪಟ್ಟಿಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿದಳು. ಆಮೇಲೆ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಮೆಲ್ಲಗೆ ಕೇಳಿದಳು.

"ಕನಿಕರ ಅಲ್ವಾ?"

"ಕನಿಕರ ಆಗಿದ್ರೆ ಒಂದು ಹಿಡಿ ಹಾಕಿ ಮರೆತುಬಿಡ್ತಿದ್ದೆ. ಹೀಗೆ ಲೆಕ್ಕ ಬರೆದು ಇಡ್ತಿರಲಿಲ್ಲ."

ಆ ಭಾನುವಾರ ನಡೆದದ್ದನ್ನು ಬೀದಿಯವರು ಇನ್ನೂ ಹೇಳಿಕೊಂಡು ನಗುತ್ತಾರೆ. ಗ್ರಾಂ ಮೇಡಂ ಅಂಗಡಿ ಬಾಗಿಲಿಗೆ ತನ್ನ ತಕ್ಕಡಿ ಹಿಡಿದು ನಿಂತಳು. ಬಂದವರ ಚೀಲ ತೂಗಿ ತೋರಿಸಿದಳು. ನನಗೆ ತೂಕದಲ್ಲಿ ಬಂದದ್ದು ಜಾಸ್ತಿ, ಕಡಿಮೆ ಅಲ್ಲ, ಅದು ನನ್ನ ಪಟ್ಟಿಯ ಕೂಲಿ, ತಪ್ಪು ತಿಳಿದದ್ದು ನಾನು ಅಂತ ಒಬ್ಬೊಬ್ಬರಿಗೂ ಹೇಳಿದಳು. ಯಾರು ಏನು ಆಡಿಕೊಳ್ಳುತ್ತಾರೋ ಆಡಿಕೊಳ್ಳಲಿ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿತ್ತು, ಅಂಗಡಿ ತುಂಬಿತ್ತು.

ತಿಂಗಳ ಕೊನೆಗೆ ಅಣ್ಣ ಬಂದ. ಅವಳು ಏನನ್ನೂ ಮುಚ್ಚಿಡಲಿಲ್ಲ, ಆ ಆರು ಪಟ್ಟಿಗಳನ್ನೂ ಅವನ ಮುಂದೆ ಹರಡಿದಳು. ಜಾಸ್ತಿ ಬಂದದ್ದಕ್ಕೆ ದುಡ್ಡು ಕೊಟ್ಟಿದ್ದರೆ ಎರಡನೇ ತಿಂಗಳಿನಿಂದ ಪ್ರತಿ ತಿಂಗಳೂ ಖರ್ಚು ಐದು ಸಾವಿರ ದಾಟುತ್ತಿತ್ತು.

"ಹಾಗಾದ್ರೆ ಸೋತೆ ಅಂತಾಯ್ತು," ಅಣ್ಣ ಕುರ್ಚಿಗೆ ಒರಗಿದ. "ಅಪ್ಪ, ಬಟ್ಟೆ ಜೋಡಿಸ್ಕೋ."

ಆದರೆ ಅಪ್ಪ ಕಿಟಕಿಯ ಹತ್ತಿರದಿಂದ ಏಳಲಿಲ್ಲ. ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

"ಐದು ಸಾವಿರ ಅವಳ ಸಂಬಳದ್ದು. ಮಿಕ್ಕಿದ್ದು ಅವಳ ಕೂಲಿ. ನಾನು ಆರು ತಿಂಗಳು ತಿಂದದ್ದು ನನ್ನ ಮಗಳು ದುಡಿದದ್ದನ್ನೇ ಕಣೋ. ನಾನು ಎಲ್ಲಿಗೂ ಬರಲ್ಲ. ಇನ್ನೊಂದು ಸಲ ಪಂಥ ಕಟ್ಟೋ ಮೊದಲು ನನ್ನನ್ನೂ ಕೇಳಿ, ಇಬ್ಬರಿಗೂ ಹೇಳ್ತಿದ್ದೀನಿ."

ಅಣ್ಣ ತಲೆತಗ್ಗಿಸಿದ. ಅವಳೂ ತಲೆತಗ್ಗಿಸಿದಳು, ಆದರೆ ಕಣ್ಣು ತುಂಬಿದ್ದು ನಾಚಿಕೆಗಲ್ಲ.

ಮರುದಿನ ಒಂದನೇ ತಾರೀಕು. ಬೆಳಿಗ್ಗೆ ಅವಳು ಪಟ್ಟಿ ಕೊಟ್ಟು ಎಂದಿನಂತೆ ಹೋಗಿಬಿಡಲಿಲ್ಲ, ಅಲ್ಲೇ ನಿಂತಳು. ಅವನು ಓದುತ್ತಾ ಹೋದ. ಅಕ್ಕಿ, ಬೇಳೆ, ಹಿಟ್ಟು, ಸೋಪು, ಎಲ್ಲದರ ಮುಂದೆ ಅಂಕಿ ಇತ್ತು. ಕೊನೆಯ ಸಾಲಿನಲ್ಲಿ ಹೊಸದಾಗಿ ಒಂದು ಸೇರಿತ್ತು. 'ಮಾತು.' ಅದರ ಮುಂದಿನ ಜಾಗ ಖಾಲಿ ಬಿಟ್ಟಿದ್ದಳು.

ಅವನ ಕಿವಿ ಕೆಂಪಾಯಿತು. "ಇದು ಎಷ್ಟು ಅಂತ ಬರೆದಿಲ್ಲ..."

"ನಿಮ್ಮ ಹತ್ರ ಎಷ್ಟಿದೆ?"

"ಆರು ತಿಂಗಳದ್ದು ಹಾಗೇ ಉಳಿದಿದೆ. ಮೊದಲನೇ ದಿನ ಪೆಪ್ಪರಮೆಂಟು ಎಣಿಸುವಾಗಲೇ ಹೇಳಬೇಕಿತ್ತು, ನೀವು ತುಂಬ ಇಷ್ಟ ಆದ್ರಿ ಅಂತ."

ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಿ, ಅಕ್ಕಿ ಮೂಟೆಯ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು.

"ಮುಂದೆ ಹೇಳಿ," ಅಂದಳು. "ಕೆಲಸಕ್ಕೆ ಇನ್ನೂ ಅರ್ಧ ಗಂಟೆ ಇದೆ. ಈ ಸಲ ಜಾಸ್ತಿ ಆದ್ರೂ ಜಗಳ ಆಡಲ್ಲ."